ಕಾರ್ಖಾನೆ ಆಸುಪಾಸಿನ ಮಣ್ಣು, ಧೂಳು, ಗಿಡ: ಭಾರಲೋಹ ಎಷ್ಟಿದೆ ಎಂದು ನೋಡುವ ಬಗೆ

"ನಮ್ಮ ಮಣ್ಣಲ್ಲಿ ಸೀಸ ಇದೆಯಾ?" ಕಾರ್ಖಾನೆ ಪಕ್ಕದಲ್ಲಿ ಇರುವವರು ಮೊದಲು ಕೇಳುವ ಪ್ರಶ್ನೆ ಇದು. ಇದೆ. ಎಲ್ಲರ ಮಣ್ಣಲ್ಲೂ ಇದೆ. ಯಾವ ಚಿಮಣಿಯ ಹೊಗೆಯೂ ಸೋಕದ ಜಾಗದಲ್ಲೂ ಕೆ.ಜಿ. ಮಣ್ಣಿಗೆ 10ರಿಂದ 30 ಮಿಲಿಗ್ರಾಂ ಸೀಸ, 50ರಿಂದ 100 ಮಿಲಿಗ್ರಾಂ ಸತು ಸಿಗುವುದು ಮಾಮೂಲು; ಬಂಡೆ ಸವೆದು ಮಣ್ಣಾಗುವಾಗಲೇ ಬಂದದ್ದು ಅದು. ಕೇಳಬೇಕಾದ್ದು ಬೇರೆ: ಸಹಜಕ್ಕಿಂತ ಎಷ್ಟು ಜಾಸ್ತಿ ಇದೆ, ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಮನುಷ್ಯರ ಹೊಟ್ಟೆ ಸೇರುತ್ತಿದೆ. ಕೊನೆಯ ಪ್ರಶ್ನೆಗೆ ಉತ್ತರ ಕೊಡದ ಪರೀಕ್ಷೆಗೆ ದುಡ್ಡು ಸುರಿಯುವುದು ದಂಡ.

ಆ ದಾರಿ ಗೊತ್ತಾಗಬೇಕಾದರೆ ಮಣ್ಣು, ಧೂಳು, ಗಿಡ ಮೂರನ್ನೂ ಜೊತೆಗಿಟ್ಟು ನೋಡಬೇಕು. ಮಣ್ಣಿನ ಮೇಲ್ಪದರದಲ್ಲಿ ದಶಕಗಳ ಲೆಕ್ಕ ಕೂತಿರುತ್ತದೆ, ಕುಲುಮೆ ಆರಿದ ಮೇಲೂ ಸೀಸ ಅಲ್ಲಿಂದ ಕದಲುವುದಿಲ್ಲ. ಜಾಂಬಿಯಾದ ಕಾಬ್ವೆ ಪಟ್ಟಣದ ಸೀಸದ ಗಣಿ ಮುಚ್ಚಿದ್ದು 1994ರಲ್ಲಿ. ಎಷ್ಟೋ ವರ್ಷಗಳ ನಂತರ ಹುಟ್ಟಿದ ಮಕ್ಕಳ ರಕ್ತದಲ್ಲೂ ಸೀಸ ವಿಪರೀತವಾಗಿ ಕಂಡಿದೆ. ಕಿಟಕಿ ಕಟ್ಟೆಯ ಮೇಲಿನ ಧೂಳಾದರೋ ಈಚಿನ ಕೆಲವು ವಾರಗಳದ್ದು. ಗಿಡದಲ್ಲಿ ಬೇರು ಎಳೆದುಕೊಂಡದ್ದೂ ಎಲೆ ಮೇಲೆ ಕೂತದ್ದೂ ಬೆರೆತಿರುತ್ತವೆ, ಅವನ್ನು ಬಿಡಿಸಿ ನೋಡುವುದಕ್ಕೆ ಒಂದು ಸುಲಭದ ಉಪಾಯ ಇದೆ. ಅದು ಆಮೇಲೆ.

1. ಮೊದಲು ಕಾರ್ಖಾನೆಯ ಜಾತಕ ತೆಗೆಯಿರಿ

"ಎಲ್ಲಾ ಲೋಹ ನೋಡಿ" ಎಂದು ಬರೆದು ಮಾದರಿ ಕಳಿಸುವವರೇ ಹೆಚ್ಚು. ಹಾಗೆ ಮಾಡುವ ಮುಂಚೆ ಅಲ್ಲಿ ಏನು ತಯಾರಾಗುತ್ತದೆ, ಇಪ್ಪತ್ತು ಮೂವತ್ತು ವರ್ಷದ ಹಿಂದೆ ಏನಾಗುತ್ತಿತ್ತು ಎಂದು ವಿಚಾರಿಸಿ. ಹಳೇ ಬ್ಯಾಟರಿ ಒಡೆದು ಕರಗಿಸುವ ಜಾಗವಾದರೆ ಸೀಸ, ಜೊತೆಗೆ ಆಂಟಿಮನಿ ಮತ್ತು ಆರ್ಸೆನಿಕ್. ಚರ್ಮ ಹದ ಮಾಡುವ ಕಡೆ ಕ್ರೋಮಿಯಂ. ಲೋಹಕ್ಕೆ ಲೇಪ ಕೊಡುವ ಘಟಕದಲ್ಲಿ ಕ್ರೋಮಿಯಂ, ನಿಕ್ಕಲ್, ಕೆಲವೊಮ್ಮೆ ಕ್ಯಾಡ್ಮಿಯಂ. ಸತುವಿನ ಅದಿರಿನೊಳಗೆ ಕ್ಯಾಡ್ಮಿಯಂ ಅಂಟಿಕೊಂಡೇ ಇರುವುದರಿಂದ ಸತು ಕರಗಿಸುವ ಕಡೆ ಅದನ್ನು ನೋಡಲೇಬೇಕು. ತಾಮ್ರದ ಕುಲುಮೆ ಇದ್ದರೆ ಆರ್ಸೆನಿಕ್. ಕಲ್ಲಿದ್ದಲು ಸುಡುವಲ್ಲಿ ಆರ್ಸೆನಿಕ್, ಪಾದರಸ. ಹಳೇ ಕಾಲದ ಕಾಸ್ಟಿಕ್ ಸೋಡಾ ಘಟಕದಲ್ಲಿ ಪಾದರಸ.

ಕಾರ್ಖಾನೆಗೆ ಸಂಬಂಧವೇ ಇಲ್ಲದ ಮೂಲಗಳನ್ನೂ ಗುರುತು ಹಾಕಿಕೊಳ್ಳಿ. ಟೈರು ಸವೆದರೆ ಸತು, ಬ್ರೇಕ್ ಸವೆದರೆ ತಾಮ್ರ, ಹಳೇ ಗೋಡೆಯ ಬಣ್ಣ ಉದುರಿದರೆ ಸೀಸ, ರಂಜಕದ ಗೊಬ್ಬರದಿಂದ ಕ್ಯಾಡ್ಮಿಯಂ. ಇದನ್ನು ಬಿಟ್ಟರೆ ನಾಳೆ ಎದುರು ಪಕ್ಷದವರು ಎತ್ತುವ ಮೊದಲ ಪ್ರಶ್ನೆಗೇ ಬಾಯಿ ಕಟ್ಟುತ್ತದೆ.

2. ಎಲ್ಲಿಂದ ತೆಗೆಯಬೇಕು

ಚಿಮಣಿ ಎತ್ತರವಾಗಿದ್ದಷ್ಟೂ ಹೊಗೆಯಲ್ಲಿನ ಸಣ್ಣ ಕಣ ದೂರ ಹೋಗಿ ಬೀಳುತ್ತದೆ. ಅದಿರಿನ ರಾಶಿ, ಬೂದಿ ಗುಡ್ಡೆ, ಲಾರಿಗಳ ಓಡಾಟದಿಂದ ಏಳುವ ದಪ್ಪ ಧೂಳು ಬೇಲಿಯ ಅಕ್ಕಪಕ್ಕದಲ್ಲೇ ಇಳಿಯುತ್ತದೆ. ಹಾಗಾಗಿ ಗೋಡೆಗೆ ಅಂಟಿದ ಒಂದೇ ಜಾಗ ಸಾಲದು. ವರ್ಷದಲ್ಲಿ ಹೆಚ್ಚು ದಿನ ಗಾಳಿ ಯಾವ ಕಡೆಗೆ ಬೀಸುತ್ತದೋ ಆ ಕಡೆ ಒಂದು ಗೆರೆ ಎಳೆದು, ಬೇಲಿಯಿಂದ ಸುಮಾರು 100, 250, 500, 1000, 2000 ಮೀಟರಿಗೆ ಒಂದೊಂದು ತಾಣ ಇಟ್ಟುಕೊಳ್ಳಿ. ಗಾಳಿಗೆ ಎದುರು ದಿಕ್ಕಿನಲ್ಲಿ ಎರಡು. ಲಾರಿ ಹೊರಬರುವ ಗೇಟು, ಮಳೆನೀರು ಹರಿದುಹೋಗುವ ಚರಂಡಿ, ಇವಕ್ಕೆ ಪ್ರತ್ಯೇಕ ತಾಣ. ಬೇರೆಯವರ ಜಾಗಕ್ಕೆ ಕಾಲಿಡುವ ಮುಂಚೆ ಒಪ್ಪಿಗೆ ಪಡೆಯಿರಿ.

ಇಷ್ಟರಲ್ಲಿ ಬಹಳ ಜನ ಮರೆಯುವುದು ಹೋಲಿಕೆಯ ತಾಣವನ್ನು. ಕಾರ್ಖಾನೆಯಿಂದ, ಹೆದ್ದಾರಿಯಿಂದ ದೂರ ಇರುವ, ಆದರೆ ಅದೇ ಬಗೆಯ ಮಣ್ಣು ಇರುವ ಜಾಗ ಅದು. "ಅದೇ ಬಗೆಯ" ಎನ್ನುವುದಕ್ಕೆ ಒತ್ತು ಕೊಡುತ್ತಿದ್ದೇನೆ. ಸರ್ಪೆಂಟೈನ್ ಬಂಡೆಯಿಂದ ಆದ ಮಣ್ಣಲ್ಲಿ ನಿಕ್ಕಲ್, ಕ್ರೋಮಿಯಂ ಸಹಜವಾಗಿಯೇ ಕೆ.ಜಿ.ಗೆ ಸಾವಿರಾರು ಮಿಲಿಗ್ರಾಂ ಇರಬಹುದು. ನದಿ ಬಯಲಿನ ಮರಳು ಮಣ್ಣಿನ ಜೊತೆ ಅದನ್ನು ಹೋಲಿಸಿ ಕಾರ್ಖಾನೆಯ ಮೇಲೆ ಗೂಬೆ ಕೂರಿಸಿದರೆ ಇಡೀ ವರದಿಯೇ ಬಿದ್ದುಹೋಗುತ್ತದೆ.

ಹೋಲಿಕೆಯ ಜಾಗ ಸಿಗದಿದ್ದರೆ ಆಳ ಕೈಹಿಡಿಯುತ್ತದೆ. ಒಂದೇ ಗುಂಡಿಯಲ್ಲಿ ಮೇಲಿನ 5 ಸೆಂ.ಮೀ. ಒಂದು ಚೀಲಕ್ಕೆ, 40 ಸೆಂ.ಮೀ. ಕೆಳಗಿನದು ಇನ್ನೊಂದಕ್ಕೆ. ಕೆ.ಜಿ.ಗೆ ಸೀಸ ಮೇಲೆ 300 ಮಿಲಿಗ್ರಾಂ, ಕೆಳಗೆ 25 ಬಂದರೆ ಲೋಹ ಮೇಲಿನಿಂದ ಬಿದ್ದದ್ದು. ಎರಡೂ ಹತ್ತಿರ ಹತ್ತಿರ ಇದ್ದರೆ ಬಂಡೆಯ ಕಡೆ ಅನುಮಾನ ತಿರುಗಬೇಕು. ಉತ್ತು ಮಗುಚಿದ ಹೊಲ, ಹೊರಗಿಂದ ಮಣ್ಣು ತಂದು ಸುರಿದ ನಿವೇಶನ ಆಗಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ.

3. ಮಣ್ಣು ತೆಗೆಯುವುದು

ನಾನು ಮೊದಲ ಸಲ ಮಣ್ಣು ತೆಗೆದಾಗ ಎಲ್ಲಾ ಚೀಲದಲ್ಲೂ ಸತು ಜಾಸ್ತಿ ಬಂತು, ಹೋಲಿಕೆಯ ತಾಣದಲ್ಲೂ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಕಣ್ಣಿಗೆ ಬಿದ್ದದ್ದು ಕೈಸಲಿಕೆ. ಕಬ್ಬಿಣದ ಮೇಲೆ ಜಿಂಕ್ ಹೊದಿಸಿದ್ದು, ಅಂಚಿನಲ್ಲಿ ಲೇಪ ಕಿತ್ತುಬಂದಿತ್ತು. ಅಷ್ಟೂ ಮಾದರಿ ಕಸಕ್ಕೆ ಹೋಯಿತು. ಸ್ಟೇನ್‌ಲೆಸ್ ಸ್ಟೀಲಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಸಲಿಕೆ, ಪ್ಲಾಸ್ಟಿಕ್ ಬಕೆಟ್ಟು, ಹೊಸ ಜಿಪ್ ಚೀಲ ಇಷ್ಟು ಸಾಕು. ನಿಕ್ಕಲ್, ಕ್ರೋಮಿಯಂ ಹುಡುಕುತ್ತಿದ್ದರೆ ಸ್ಟೀಲೂ ಬೇಡ, ಪ್ಲಾಸ್ಟಿಕ್ಕೇ ಇರಲಿ. ಕೈಯಲ್ಲಿ ಉಂಗುರ ಬಳೆ ಬೇಡ, ಪುಡಿ ಹಚ್ಚಿದ ಗ್ಲೌಸ್ ಬೇಡ.

ಯಾಕೆ ತೆಗೆಯುತ್ತಿದ್ದೀರಿ ಎನ್ನುವುದರ ಮೇಲೆ ಆಳ. ಮಕ್ಕಳು ಆಡುವ ಅಂಗಳವಾದರೆ ಮೇಲಿನ 2 ಸೆಂ.ಮೀ. ಮಾತ್ರ, ಕೈಗೆ ಅಂಟುವುದು ಅಷ್ಟೇ. ತರಕಾರಿ ಮಡಿಯಾದರೆ ಬೇರು ಇಳಿಯುವಷ್ಟು, 15ರಿಂದ 20 ಸೆಂ.ಮೀ. ಅಂಗಳವನ್ನು 20 ಸೆಂ.ಮೀ. ಅಗೆದು ತೆಗೆದರೆ ಮೇಲಿನ ಕೊಳೆ ಕೆಳಗಿನ ಒಳ್ಳೇ ಮಣ್ಣಲ್ಲಿ ಕರಗಿಹೋಗಿ ಸಂಖ್ಯೆ ಚೆಂದ ಕಾಣುತ್ತದೆ. ತಿಳಿದೋ ತಿಳಿಯದೆಯೋ ಹೀಗೆ ಮಾಡಿದ ವರದಿಗಳಿಗೆ ಕೊರತೆ ಇಲ್ಲ.

ಒಂದು ತಾಣದಲ್ಲಿ ಅಂಕುಡೊಂಕಾಗಿ ನಡೆಯುತ್ತಾ 10ರಿಂದ 15 ಕಡೆ ಒಂದೊಂದು ಹಿಡಿ ತೆಗೆದು ಬಕೆಟ್ಟಿಗೆ ಹಾಕಿ, ಚೆನ್ನಾಗಿ ಕಲಸಿ. ಹಾಳೆಯ ಮೇಲೆ ವೃತ್ತವಾಗಿ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದು ಬಿಡಿ. ಅರ್ಧ ಕೆ.ಜಿ. ಉಳಿಯುವ ತನಕ ಹೀಗೇ. ನೆರಳಲ್ಲಿ ಒಣಗಿಸಿ. ಪಾದರಸ ನೋಡುವುದಿದ್ದರೆ ಓವನ್ನಿಗೆ ಇಡಬೇಡಿ, ಬಿಸಿಗೆ ಆವಿಯಾಗಿ ಹೋಗುತ್ತದೆ. ಒಣಗಿದ ಮೇಲೆ 2 ಮಿ.ಮೀ. ಜರಡಿ ಹಿಡಿಯುವುದು ರೂಢಿ. ಮಕ್ಕಳ ವಿಷಯವಾದರೆ ಪ್ರಯೋಗಾಲಯಕ್ಕೆ ಹೇಳಿ 150 ಮೈಕ್ರಾನಿನ ಜರಡಿಯಲ್ಲಿ ಇಳಿದ ನುಣುಪನ್ನೂ ಬೇರೆಯಾಗಿ ಪರೀಕ್ಷೆ ಮಾಡಿಸಿ. ಬೆರಳಿಗೆ ಮೆತ್ತಿಕೊಳ್ಳುವುದು ಆ ನುಣುಪೇ, ಸೀಸ ಸಾಮಾನ್ಯವಾಗಿ ಹೆಚ್ಚು ಇರುವುದೂ ಅದರಲ್ಲೇ.

4. ಧೂಳು: ಎಲ್ಲರೂ ಬಿಟ್ಟುಬಿಡುವ ಭಾಗ

ಹೊಲದ ಮಣ್ಣಿಗಿಂತ ಮನೆಯೊಳಗಿನ ಧೂಳು ಮಗುವಿನ ಬಾಯಿಗೆ ಹತ್ತಿರ. ಅಂಬೆಗಾಲಿಡುವ ಮಗುವಿನ ಕೈ ನೆಲಕ್ಕೆ, ಅಲ್ಲಿಂದ ಬಾಯಿಗೆ ಹೋಗುವುದನ್ನು ಹತ್ತು ನಿಮಿಷ ಕೂತು ಎಣಿಸಿ, ಸಾಕು. ಆದ್ದರಿಂದ ಕೈಯಲ್ಲಿರುವ ದುಡ್ಡಿಗೆ ಒಂದೇ ಪರೀಕ್ಷೆ ಸಾಧ್ಯ ಎಂದರೆ, ಸೀಸದ ವಿಚಾರದಲ್ಲಿ ನನ್ನ ಆಯ್ಕೆ ಮನೆಯ ಧೂಳು.

ಇಲ್ಲಿ ಎರಡು ಅಳತೆಗಳಿವೆ, ಅವನ್ನು ಬೆರೆಸಬಾರದು. ಒಂದು, ಧೂಳಿನಲ್ಲಿ ಲೋಹದ ಸಾಂದ್ರತೆ. ಇನ್ನೊಂದು, ಒಂದು ಚದರ ಮೀಟರ್ ನೆಲದ ಮೇಲೆ ಒಟ್ಟು ಎಷ್ಟು ಲೋಹ ಕೂತಿದೆ ಎನ್ನುವುದು. ದಿನವೂ ಒರೆಸುವ ಮನೆಯಲ್ಲಿ ಧೂಳಿನ ಸೀಸ ಕೆ.ಜಿ.ಗೆ 1000 ಮಿಲಿಗ್ರಾಂ ಇದ್ದು, ಚದರ ಮೀಟರಿಗೆ 0.1 ಗ್ರಾಂ ಧೂಳಿದ್ದರೆ ನೆಲದ ಮೇಲಿನ ಸೀಸ 100 ಮೈಕ್ರೋಗ್ರಾಂ. ಇನ್ನೊಂದು ಮನೆಯ ಧೂಳಲ್ಲಿ 300 ಮಿಲಿಗ್ರಾಮೇ ಇರಬಹುದು, ಆದರೆ ಧೂಳು 2 ಗ್ರಾಂ ಕೂತಿದ್ದರೆ ಸೀಸ 600 ಮೈಕ್ರೋಗ್ರಾಂ ಆಯಿತು. ಮಗುವಿಗೆ ಎರಡನೆಯದೇ ಕೆಟ್ಟ ಮನೆ.

ನೆಲದ ಲೆಕ್ಕಕ್ಕೆ ಒರೆಸುವ ವಿಧಾನ. ರಟ್ಟಿನಲ್ಲಿ 30 ಸೆಂ.ಮೀ. ಉದ್ದಗಲದ ಚೌಕ ಕತ್ತರಿಸಿ ನೆಲಕ್ಕೆ ಅಂಟಿಸಿ. ಹೊಸ ಗ್ಲೌಸ್ ಹಾಕಿಕೊಂಡು, ಪ್ರಯೋಗಾಲಯ ಒಪ್ಪುವ ಒದ್ದೆ ವೈಪ್ ಒಂದರಿಂದ ಚೌಕದ ತುಂಬ ಎಡದಿಂದ ಬಲಕ್ಕೆ ಒರೆಸಿ. ಕೊಳೆ ಒಳಗಾಗುವಂತೆ ಮಡಚಿ, ಮೇಲಿಂದ ಕೆಳಕ್ಕೆ ಇನ್ನೊಮ್ಮೆ. ಮತ್ತೆ ಮಡಚಿ ಮೂಲೆಗಳನ್ನು ಒರೆಸಿ, ನೇರ ಟ್ಯೂಬಿಗೆ ಹಾಕಿ ಮುಚ್ಚಿ. ಬಾಗಿಲ ಬಳಿ, ಮಗು ಆಡುವ ಜಾಗ, ಕಿಟಕಿ ಕಟ್ಟೆ ಈ ಮೂರು ಕಡೆ ತಪ್ಪದೆ. ಏನೂ ಒರೆಸದ ಒಂದು ವೈಪನ್ನೂ ಹಾಗೇ ಟ್ಯೂಬಿಗೆ ಹಾಕಿ ಕಳಿಸಬೇಕು, ವೈಪಿನಲ್ಲೇ ಲೋಹ ಇತ್ತೋ ಎಂದು ಗೊತ್ತಾಗಲು.

ಕಿಟಕಿ ಕಟ್ಟೆಯಲ್ಲಿ ಒಂದು ಹೆಚ್ಚಿನ ಕೆಲಸ ಮಾಡಬಹುದು. ಒರೆಸಿ ಶುಭ್ರ ಮಾಡಿ ದಿನಾಂಕ ಬರೆದಿಟ್ಟು, ಸರಿಯಾಗಿ 28 ದಿನ ಬಿಟ್ಟು ಅದೇ ಚೌಕ ಮತ್ತೆ ಒರೆಸಿ. ಎರಡನೇ ಸಲ ಸಿಕ್ಕಿದ್ದು ಆ 28 ದಿನದಲ್ಲಿ ಬಿದ್ದದ್ದು. "ಅದೆಲ್ಲ ಹಳೇ ಕಾಲದ ಮಾಲಿನ್ಯ" ಎನ್ನುವ ಮಾತಿಗೆ ಇದು ನೇರ ಉತ್ತರ. ಮನೆಯಲ್ಲಿ ಯಾರಾದರೂ ಆ ಕಾರ್ಖಾನೆಯಲ್ಲೇ ದುಡಿಯುತ್ತಿದ್ದರೆ ಬಟ್ಟೆ, ಚಪ್ಪಲಿಯ ಮೂಲಕವೂ ಲೋಹ ಒಳಬರುತ್ತದೆ, ಅದನ್ನು ಟಿಪ್ಪಣಿಯಲ್ಲಿ ಬರೆದಿಡಿ.

ಬಯಲಿನ ಗಾಳಿಯಿಂದ ಬೀಳುವುದನ್ನು ನೋಡಲು ಬಂಡೆ, ಮರದ ಮೇಲೆ ಬೆಳೆಯುವ ಪಾಚಿಯೂ (ಮಾಸ್) ಬಳಕೆಯಲ್ಲಿದೆ. ನೆಲದಿಂದ ಹೀರುವ ಬೇರು ಅದಕ್ಕಿಲ್ಲ, ಬೇಕಾದ್ದನ್ನೆಲ್ಲ ಬಹುಮಟ್ಟಿಗೆ ಗಾಳಿ ಮಳೆಯಿಂದಲೇ ಪಡೆಯುತ್ತದೆ. ಸ್ವೀಡನ್ನಿನವರು 1960ರ ದಶಕದಲ್ಲೇ ಇದನ್ನು ಅಳತೆಗೋಲು ಮಾಡಿಕೊಂಡರು. ಶುಭ್ರ ಜಾಗದ ಪಾಚಿಯನ್ನು ಬಲೆ ಚೀಲದಲ್ಲಿ ತುಂಬಿ ಕೆಲವು ವಾರ ನೇತುಹಾಕುವುದು ಅಗ್ಗದ ಉಪಾಯ.

5. ಗಿಡ: ತೊಳೆದದ್ದು, ತೊಳೆಯದ್ದು

ಸೊಪ್ಪು ಹಚ್ಚಗೆ ನಳನಳಿಸುತ್ತಿದೆ, ಹಾಗಾಗಿ ಮಣ್ಣು ಚೆನ್ನಾಗಿದೆ ಎನ್ನುವ ನಂಬಿಕೆ ಬಿಡಿ. ಸತು, ತಾಮ್ರ ಹೆಚ್ಚಾದರೆ ಗಿಡವೇ ಮೊದಲು ಸೊರಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಗಿಡಕ್ಕೆ ಏನೂ ಆಗದಷ್ಟು ಪ್ರಮಾಣವೇ ತಿನ್ನುವವರ ಮೂತ್ರಪಿಂಡಕ್ಕೆ ಹೆಚ್ಚಾಗಬಹುದು. ಜಪಾನಿನ ಜಿನ್‌ಜು ನದಿ ಬಯಲಿನಲ್ಲಿ ಆದದ್ದು ಅದೇ: ಮೇಲಿನ ಗಣಿಯ ಕ್ಯಾಡ್ಮಿಯಂ ನೀರಿನ ಮೂಲಕ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂತು. ಮೂಳೆ ಮುರಿದು ನರಳುವ ಆ ಕಾಯಿಲೆಗೆ ಕಾರಣ ಕ್ಯಾಡ್ಮಿಯಂ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ.

ಸೀಸದ ನಡತೆ ಬೇರೆ. ಅದು ಬಹುಪಾಲು ಬೇರಿನಲ್ಲೇ ನಿಲ್ಲುತ್ತದೆ, ಕಾಯಿ ಹಣ್ಣಿಗೆ ಏರುವುದು ತೀರಾ ಕಡಿಮೆ. ಎಲೆಯಲ್ಲಿ ಕಂಡ ಸೀಸದ ದೊಡ್ಡ ಪಾಲು ಹೊರಗಿಂದ ಕೂತ ಧೂಳು, ಮಳೆಗೆ ಚಿಮ್ಮಿದ ಮಣ್ಣು. ಆಗಲೇ ಹೇಳಿದ ಉಪಾಯ ಇಲ್ಲಿ ಬರುತ್ತದೆ. ಒಂದೇ ಮಡಿಯ ಸೊಪ್ಪು ಕಿತ್ತು ಎರಡು ಪಾಲು ಮಾಡಿ. ಒಂದನ್ನು ತೊಳೆಯದೆ ಹಾಗೇ ಕಾಗದದ ಚೀಲಕ್ಕೆ ಹಾಕಿ. ಇನ್ನೊಂದನ್ನು ಮೂರು ನೀರಲ್ಲಿ ಜಾಲಾಡಿ, ಕೊನೆಗೆ ಭಟ್ಟಿ ಇಳಿಸಿದ ನೀರಲ್ಲಿ ಅದ್ದಿ ತೆಗೆಯಿರಿ. ಎರಡರ ನಡುವಿನ ವ್ಯತ್ಯಾಸ ಧೂಳಿನದು. ತೊಳೆದರೂ ಇಳಿಯದ್ದು ಬಹುತೇಕ ಒಳಗಿನದು. ತೊಳೆದಾಗ ಸೀಸ ಮೂರರಲ್ಲಿ ಒಂದಕ್ಕೆ ಇಳಿದು ಕ್ಯಾಡ್ಮಿಯಂ ಅಲುಗಾಡದಿದ್ದರೆ, ಒಂದು ಗಾಳಿಯ ಸಮಸ್ಯೆ, ಇನ್ನೊಂದು ಮಣ್ಣಿನ ಸಮಸ್ಯೆ. ಪರಿಹಾರವೂ ಬೇರೆ ಬೇರೆ. ಅಡ್ಡ ಸಾಕ್ಷಿಯಾಗಿ ಟೈಟಾನಿಯಂ ಕೂಡ ಅಳೆಸಿ. ಗಿಡ ಅದನ್ನು ಹೀರುವುದು ನಗಣ್ಯ, ಮಣ್ಣಲ್ಲೋ ಧಾರಾಳ. ಎಲೆಯಲ್ಲಿ ಟೈಟಾನಿಯಂ ಹೆಚ್ಚಿದ್ದರೆ ತೊಳೆದದ್ದು ಸಾಲದು ಎಂದೇ ಅರ್ಥ.

ಒಂದೇ ವಯಸ್ಸಿನ ಎಲೆ ತೆಗೆಯಿರಿ, ಆ ಗಿಡದ ಬುಡದ ಮಣ್ಣನ್ನೂ ಜೊತೆಗೇ ತೆಗೆಯಿರಿ. ಗಡ್ಡೆಗಳನ್ನು ಸಿಪ್ಪೆ ಸಮೇತ ಮತ್ತು ಸಿಪ್ಪೆ ತೆಗೆದು, ಎರಡು ಬಗೆಯಲ್ಲಿ.

6. ಪ್ರಯೋಗಾಲಯಕ್ಕೆ ಕೇಳಬೇಕಾದ್ದು

ಎಕ್ಸ್-ಕಿರಣ ಬಿಟ್ಟು, ಲೋಹ ತಿರುಗಿ ಸೂಸುವ ಕಿರಣದಿಂದ ಅದನ್ನು ಗುರುತಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರದಿಂದ ಒಂದೇ ದಿನದಲ್ಲಿ ನೂರು ಕಡೆ ಸೀಸ, ಸತು ನೋಡಬಹುದು. ಎಲ್ಲಿ ಜಾಸ್ತಿ ಎಂದು ನಕ್ಷೆ ಬಿಡಿಸಲು ಬಲು ಒಳ್ಳೆಯದು. ಆದರೆ ಮಣ್ಣಿನ ಸಹಜ ಮಟ್ಟದ ಕ್ಯಾಡ್ಮಿಯಂ ಅದರ ಕಣ್ಣಿಗೆ ಕಾಣುವುದಿಲ್ಲ. ಇನ್ನು ಆರ್ಸೆನಿಕ್‌ನ ಮುಖ್ಯ ಕಿರಣ 10.54, ಸೀಸದ್ದು 10.55 ಕಿಲೋ ಎಲೆಕ್ಟ್ರಾನ್ ವೋಲ್ಟ್, ಒಂದರ ಮೇಲೊಂದು ಕೂರುತ್ತವೆ. ಸೀಸ ಹೆಚ್ಚಿರುವ ಮಣ್ಣಲ್ಲಿ ಅದು ಹೇಳುವ ಆರ್ಸೆನಿಕ್ ಅಂಕಿಯನ್ನು ನಂಬುವ ಮುಂಚೆ ಆಮ್ಲದಲ್ಲಿ ಕರಗಿಸಿ ಐಸಿಪಿ-ಎಂಎಸ್‌ನಲ್ಲಿ (ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಪ್ರಯೋಗಾಲಯದ ಯಂತ್ರ) ಖಚಿತ ಮಾಡಿಕೊಳ್ಳಿ.

ದುಡ್ಡು ಕಟ್ಟುವ ಮುಂಚೆಯೇ ಪತ್ತೆಯ ಕನಿಷ್ಠ ಮಿತಿ ಎಷ್ಟು ಎಂದು ಕೇಳಿ. ಕ್ಯಾಡ್ಮಿಯಂನ ಸಹಜ ಮಟ್ಟ ಕೆ.ಜಿ.ಗೆ 0.1ರಿಂದ 0.5 ಮಿಲಿಗ್ರಾಂ ಆಸುಪಾಸು. "1ಕ್ಕಿಂತ ಕಡಿಮೆ" ಎಂದಷ್ಟೇ ಹೇಳಬಲ್ಲ ವರದಿ ತಗೊಂಡು ಏನು ಮಾಡುವುದು? ಕ್ರೋಮಿಯಂ ಆದರೆ ಒಟ್ಟು ಮೊತ್ತ ಸಾಲದು. ಅದರ ಎರಡು ರೂಪಗಳಲ್ಲಿ ಮೂರರ ವೇಲೆನ್ಸಿಯದ್ದು (ಕ್ರೋಮಿಯಂ-3) ಬಹುಮಟ್ಟಿಗೆ ತಣ್ಣಗಿರುತ್ತದೆ, ಆರರದ್ದು (ಕ್ರೋಮಿಯಂ-6) ಕ್ಯಾನ್ಸರಕಾರಕ, ನೀರಲ್ಲಿ ಸುಲಭವಾಗಿ ಹರಿಯುತ್ತದೆ. ಅದನ್ನು ಬೇರೆಯಾಗಿ, ಕ್ಷಾರದಲ್ಲಿ ಕರಗಿಸುವ ವಿಧಾನದಲ್ಲಿ ನೋಡಿಸಬೇಕು. ಹತ್ತು ಮಾದರಿಗೆ ಒಂದನ್ನು ಎರಡು ಚೀಲ ಮಾಡಿ ಬೇರೆ ಬೇರೆ ಸಂಖ್ಯೆ ಬರೆದು ಕಳಿಸಿ. ಎರಡರ ಅಂಕಿ ತಾಳೆಯಾಗದಿದ್ದರೆ ಉಳಿದವನ್ನೂ ಅನುಮಾನದಿಂದಲೇ ನೋಡಬೇಕಾಗುತ್ತದೆ.

7. ವರದಿ ಓದುವಾಗ ಎಡವುವ ಜಾಗಗಳು

ಮೊದಲನೆಯದು ಒಣತೂಕ, ಹಸಿತೂಕದ ಗೊಂದಲ. ಪ್ರಯೋಗಾಲಯ ಕೊಡುವುದು ಸಾಮಾನ್ಯವಾಗಿ ಒಣತೂಕದ ಅಂಕಿ, ಆಹಾರದ ಮಿತಿ ಇರುವುದು ಹಸಿತೂಕಕ್ಕೆ. ಸೊಪ್ಪಿನಲ್ಲಿ ನೂರಕ್ಕೆ ತೊಂಬತ್ತು ನೀರು. ತೊಳೆಯದ ಸೊಪ್ಪಿನಲ್ಲಿ ಕೆ.ಜಿ. ಒಣತೂಕಕ್ಕೆ 6 ಮಿಲಿಗ್ರಾಂ ಸೀಸ ಇದ್ದರೆ ಹಸಿತೂಕಕ್ಕೆ 0.6, ತೊಳೆದದ್ದು 2 ಇದ್ದರೆ 0.2. ಸೊಪ್ಪಿಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಸೀಸಕ್ಕೆ 0.3, ಕ್ಯಾಡ್ಮಿಯಂಗೆ 0.2. ಒಂದೇ ಮಡಿಯ ಸೊಪ್ಪು ತೊಳೆಯದಿದ್ದರೆ ಫೇಲು, ತೊಳೆದರೆ ಪಾಸು. ಇದನ್ನು ಗಮನಿಸದೆ 6ನ್ನು 0.3ರ ಎದುರು ಇಟ್ಟು "ಇಪ್ಪತ್ತು ಪಟ್ಟು ವಿಷ" ಎಂದು ಬರೆದವರೂ ಇದ್ದಾರೆ.

ಎರಡನೆಯದು ಸೂಚ್ಯಂಕಗಳ ಮೋಹ. 1969ರಲ್ಲಿ ಜರ್ಮನಿಯ ವಿಜ್ಞಾನಿ ಮ್ಯುಲರ್ ಕೊಟ್ಟ ಭೂಸಂಚಯ ಸೂಚ್ಯಂಕ ಪ್ರಬಂಧಗಳಲ್ಲಿ ಎಲ್ಲೆಲ್ಲೂ ಸಿಗುತ್ತದೆ. ನಿಮ್ಮ ಅಂಕಿಯನ್ನು ಸಹಜ ಮಟ್ಟದ ಒಂದೂವರೆ ಪಟ್ಟಿನಿಂದ ಭಾಗಿಸಿ, ಬಂದದ್ದು ಎರಡರ ಎಷ್ಟನೇ ಘಾತ ಎಂದು ನೋಡುವುದು, ಅಷ್ಟೇ. ಸೀಸ 310, ಸಹಜ 25 ಆದರೆ 310ನ್ನು 37.5ರಿಂದ ಭಾಗಿಸಿದಾಗ 8.27, ಎರಡರ ಮೂರನೇ ಘಾತ 8, ಹಾಗಾಗಿ ಸೂಚ್ಯಂಕ ಮೂರಕ್ಕೆ ಕೂದಲೆಳೆ ಮೇಲೆ, "ತೀವ್ರ ಕಲುಷಿತ" ವರ್ಗ. ಸತುವಿಗೂ ಕ್ಯಾಡ್ಮಿಯಂಗೂ ಇದೇ 3 ಬರಬಹುದು, ಆದರೆ ಎರಡರ ಅಪಾಯ ಒಂದೇ ಅಲ್ಲ. ಸಹಜದಿಂದ ಎಷ್ಟು ದೂರ ಸರಿದಿದೆ ಎಂದಷ್ಟೇ ಅದು ಹೇಳುವುದು.

ಮಿತಿಗಳು ದೇಶಕ್ಕೊಂದು, ಅವೂ ಬದಲಾಗುತ್ತಿರುತ್ತವೆ. ಅಮೆರಿಕದ ಪರಿಸರ ಸಂಸ್ಥೆ ವಸತಿ ಜಾಗದ ಮಣ್ಣಿಗೆ ಇಟ್ಟಿದ್ದ 400 ಮಿಲಿಗ್ರಾಂ ಸೀಸದ ಎಚ್ಚರಿಕೆ ಮಟ್ಟವನ್ನು 2024ರ ಜನವರಿಯಲ್ಲಿ 200ಕ್ಕೆ ಇಳಿಸಿತು. 2023ರ ವರದಿಯಲ್ಲಿ "ಸುರಕ್ಷಿತ" ಎನಿಸಿದ್ದ 350ರ ಅಂಗಳ ಹಾಗೇ ಇದೆ, ಅಂಕಿ ಒಂದೂ ಬದಲಾಗಿಲ್ಲ.

8. ಆಮೇಲೆ ಏನು ಮಾಡಬೇಕು

ಸೂರ್ಯಕಾಂತಿ, ಸಾಸಿವೆ ಬೆಳೆದರೆ ಲೋಹ ಹೀರಿ ಮಣ್ಣು ಶುದ್ಧವಾಗುತ್ತದೆ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಲೆಕ್ಕ ಹಾಕೋಣ. ಒಂದು ಹೆಕ್ಟೇರಿನ ಮೇಲಿನ 20 ಸೆಂ.ಮೀ. ಮಣ್ಣು ಸುಮಾರು 2600 ಟನ್. ಕೆ.ಜಿ.ಗೆ 400 ಮಿಲಿಗ್ರಾಂ ಎಂದರೆ ಅದರಲ್ಲಿ 1040 ಕೆ.ಜಿ. ಸೀಸ. ಬೆಳೆ ಒಣತೂಕದಲ್ಲಿ 10 ಟನ್ ಬಂದು, ಅದರಲ್ಲಿ ಕೆ.ಜಿ.ಗೆ 50 ಮಿಲಿಗ್ರಾಂ ಸೀಸ ಏರಿತು ಎಂದು ಧಾರಾಳವಾಗಿಯೇ ಇಟ್ಟುಕೊಳ್ಳಿ, ವರ್ಷಕ್ಕೆ ಹೊರಬರುವುದು ಅರ್ಧ ಕೆ.ಜಿ. 400ನ್ನು 200ಕ್ಕೆ ತರಲು ಸಾವಿರ ವರ್ಷ ಬೇಕು. ಆರ್ಸೆನಿಕ್ ಹೀರುವ ಟೆರಿಸ್ ವಿಟ್ಟಾಟಾ ಜರೀಗಿಡದಂಥ ನಿಜವಾದ ಹೀರುಗಗಳು ಇವೆ, 2001ರಲ್ಲಿ ಅದರ ಗುಣ ಬೆಳಕಿಗೆ ಬಂತು. ಅದಕ್ಕೂ ವರ್ಷಗಟ್ಟಲೆ ತಾಳ್ಮೆ ಬೇಕು, ಕೊಯ್ದ ಗಿಡವೇ ವಿಷದ ಕಸ ಆಗುತ್ತದೆ.

ಹಾಗಾಗಿ ಲೋಹ ತೆಗೆಯುವುದಕ್ಕಿಂತ ದಾರಿ ಮುಚ್ಚುವುದು ಮೊದಲು. ಬರಿ ಮಣ್ಣು ಎಲ್ಲಿ ಕಾಣುತ್ತಿದೆಯೋ ಅಲ್ಲಿ ಹುಲ್ಲು, ಜಲ್ಲಿ, ದಪ್ಪ ಹೊದಿಕೆ. ಚಪ್ಪಲಿ ಹೊರಗೆ. ಒಣ ಪೊರಕೆ ಧೂಳನ್ನು ಗಾಳಿಗೆ ಎಬ್ಬಿಸುತ್ತದೆ, ಅದರ ಬದಲು ಒದ್ದೆ ಬಟ್ಟೆ. ಕೆಲಸದ ಬಟ್ಟೆ ಬೇರೆಯಾಗಿ ಒಗೆಯಬೇಕು. ತರಕಾರಿಗೆ 30 ಸೆಂ.ಮೀ. ಎತ್ತರದ ಮಡಿ ಕಟ್ಟಿ, ತಳಕ್ಕೆ ನೀರು ಇಳಿಯುವ ದಪ್ಪ ಬಟ್ಟೆ ಹಾಸಿ, ಪರೀಕ್ಷೆ ಮಾಡಿಸಿದ ಮಣ್ಣು ತುಂಬಿಸಿ. ಸೊಪ್ಪು, ಗಡ್ಡೆಗಿಂತ ಕಾಯಿ ಬಿಡುವ ಗಿಡಗಳು ಮೇಲು.

ಸುಣ್ಣ ಹಾಕುವುದು ಒಳ್ಳೆಯದೇ, ಆದರೆ ಯಾವ ಲೋಹಕ್ಕೆ ಎಂದು ನೋಡಿ. ಹುಳಿ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6.5–7ರ ಮಟ್ಟಕ್ಕೆ ಏರಿದರೆ ಕ್ಯಾಡ್ಮಿಯಂ, ಸತು, ನಿಕ್ಕಲ್ ಗಿಡಕ್ಕೆ ಸಿಗುವುದು ಕಡಿಮೆಯಾಗುತ್ತದೆ. ಆರ್ಸೆನಿಕ್ ಉಲ್ಟಾ, ಪಿಎಚ್ ಏರಿದಂತೆ ಸಡಿಲವಾಗಬಹುದು. ರಂಜಕವೂ ಹೀಗೇ, ಸೀಸವನ್ನು ಕಟ್ಟಿಹಾಕುತ್ತದೆ, ಆರ್ಸೆನಿಕ್ಕನ್ನು ಅದರ ಜಾಗದಿಂದ ಎಬ್ಬಿಸಿ ಬಿಡುತ್ತದೆ. ಎರಡೂ ಇರುವ ಮಣ್ಣಿಗೆ ಕಣ್ಣುಮುಚ್ಚಿ ಚೀಲ ಸುರಿಯಬೇಡಿ.

ಸೀಸ ಹೆಚ್ಚು ಎಂದು ಗೊತ್ತಾದರೆ ಮನೆಯ ಸಣ್ಣ ಮಕ್ಕಳ, ಗರ್ಭಿಣಿಯರ ರಕ್ತ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಇಷ್ಟರ ತನಕ ತೊಂದರೆಯಿಲ್ಲ ಎನ್ನುವ ಸೀಸದ ಮಟ್ಟ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಇದ್ದರೆ ಮೂಲ ಹುಡುಕಿ ತಪ್ಪಿಸಿ ಎನ್ನುವುದು ಅದರ 2021ರ ಮಾರ್ಗಸೂಚಿ. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಹೆಚ್ಚು ಬಂದರೆ ಗಾಬರಿಯಾಗುವ ಮುಂಚೆ ರಕ್ತನಾಳದಿಂದ ತೆಗೆಸಿ ಇನ್ನೊಮ್ಮೆ ನೋಡಿಸಿ. ಸರಿಯಾಗಿ ಸೋಪು ಹಾಕಿ ತೊಳೆಯದ ಬೆರಳಾಗಿದ್ದರೆ, ಆ ಹನಿಗೆ ಸೇರಿದ್ದು ಬೆರಳ ತುದಿಯ ಧೂಳೂ ಇರಬಹುದು.